ಎಷ್ಟು ತಣ್ಣಗಿದ್ದರೆ ಚೆನ್ನ?

ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬಾಯಾರಿಕೆ ನೀಗಿಸಲು ಅದು ಸರಿಯೇ, ರುಚಿ ನೋಡಲು ಸಲ್ಲದು. ಫ್ರಿಜ್‌ನಿಂದ ಆಗಷ್ಟೇ ತೆಗೆದ ಮಾವಿನಹಣ್ಣು ಘಮ್ಮೆನ್ನುವುದಿಲ್ಲವಲ್ಲ, ಇದೂ ಹಾಗೆಯೇ. ತಂಪು ಅತಿಯಾದರೆ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ತಂಪು ಸಾಲದಿದ್ದರೆ ಕರಗಿದ್ದ ಇಂಗಾಲದ ಡೈಆಕ್ಸೈಡ್ ಬೇಗ ಹೊರಬಿದ್ದು ನೊರೆ ಉಕ್ಕುತ್ತದೆ, ಲೋಟದಲ್ಲಿ ಉಳಿದದ್ದು ಸಪ್ಪೆಯಾಗುತ್ತದೆ. ಇವೆರಡರ ನಡುವಿನ ಹದ ಹಿಡಿಯುವುದೇ ರಸಿಕರ ಮೊದಲ ಪಾಠ.

ಬಿಯರ್

ಲಾಗರ್, ಪಿಲ್ಸ್ನರ್‌ಗಳಿಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್ ಸಾಕು. ಗೋಧಿ ಬಿಯರ್‌ಗೆ 7-8, ಐಪಿಎಗೆ (ಇಂಡಿಯಾ ಪೇಲ್ ಏಲ್) 8-10, ಗಾಢವಾದ ಸ್ಟೌಟ್‌ಗೆ 10-13. ಇಂಗ್ಲೆಂಡಿನ ಪಬ್‌ಗಳಲ್ಲಿ ಪೀಪಾಯಿಯಿಂದಲೇ ಇಳಿಸುವ ಕಾಸ್ಕ್ ಏಲ್ ಅನ್ನು ಬೆಚ್ಚಗಿನ ಬಿಯರ್ ಎಂದು ಹಳಿಯುವವರಿದ್ದಾರೆ. ಅದು ನಿಜಕ್ಕೂ 11-13 ಡಿಗ್ರಿಯ ನೆಲಮಾಳಿಗೆಯ ತಂಪು.

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಸಿಗುವ ಹೆಫೆವೈಜೆನ್ ಎಂಬ ಗೋಧಿ ಬಿಯರ್ ತರಿಸಿಕೊಳ್ಳಿ. ಬಂದ ಕೂಡಲೇ ಒಮ್ಮೆ ಮೂಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಮೊದಲು ಅಷ್ಟಾಗಿ ಗೊತ್ತಾಗದ ಬಾಳೆಹಣ್ಣು, ಲವಂಗಗಳ ಘಮ ಈಗ ಸ್ಪಷ್ಟವಾಗುತ್ತದೆ. ಅದನ್ನು ಯಾರೂ ಬೆರೆಸಿದ್ದಲ್ಲ, ಬಿಯರ್ ಹುದುಗುವಾಗ ಯೀಸ್ಟ್ ತಾನೇ ಹುಟ್ಟಿಸಿದ್ದು. ಫ್ರೀಜರ್‌ನಲ್ಲಿಟ್ಟು ಮಂಜು ಹಿಡಿಸಿದ ಮಗ್ಗನ್ನು ಮಾತ್ರ ಬೇಡವೆನ್ನಿ. ಅದರ ಹಿಮ ಕರಗಿ ಬಿಯರ್ ನೀರಾಗುತ್ತದೆ, ನೊರೆಯೂ ಕೆಡುತ್ತದೆ.

ಸ್ಪಾರ್ಕ್ಲಿಂಗ್ ವೈನ್

ಇಟಲಿಯ ಪ್ರೊಸೆಕೊಗೆ 6-8 ಡಿಗ್ರಿ, ಫ್ರಾನ್ಸಿನ ಶಾಂಪೇನ್‌ಗೆ 8-10. ವರ್ಷಗಟ್ಟಲೆ ಮಾಗಿದ ವಿಂಟೇಜ್ ಶಾಂಪೇನ್ 10-12ರಲ್ಲಿ ತನ್ನ ಬ್ರೆಡ್, ಬಾದಾಮಿಯಂಥ ಘಮವನ್ನು ಬಿಟ್ಟುಕೊಡುತ್ತದೆ. ಶಾಂಪೇನ್ ಬಾಟಲಿಯೊಳಗಿನ ಒತ್ತಡ ಸುಮಾರು 5-6 ವಾತಾವರಣದಷ್ಟು; ತಂಪಾದಂತೆ ಅದು ಇಳಿಯುತ್ತದೆ. ತಣಿಯದ ಬಾಟಲಿ ತೆರೆದರೆ ಕಾರ್ಕ್ ಸಿಡಿದು ಅರ್ಧ ವೈನ್ ನೆಲದ ಪಾಲಾಗುವುದು ಇದರಿಂದಲೇ.

ತಣಿಸಲು ಬಕೆಟ್‌ಗೆ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿಯುತ್ತದೆ. ನೀರು ಬಾಟಲಿಯನ್ನು ಸುತ್ತಲೂ ತಬ್ಬುವುದರಿಂದ ಬೇಗ ತಣಿಸುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಬಾಟಲಿ ಒಡೆದೀತು.

ನಮ್ಮ ಬೇಸಿಗೆಯಲ್ಲಿ ಲೋಟ ಬೇಗ ಬಿಸಿಯೇರುತ್ತದೆ. ಹಾಗಾಗಿ ಎರಡು ಡಿಗ್ರಿ ಹೆಚ್ಚು ತಂಪಾಗಿಯೇ, ಸ್ವಲ್ಪ ಸ್ವಲ್ಪವೇ ಸುರಿದುಕೊಳ್ಳಿ. ಮೊದಲ ಗುಟುಕಿಗಿಂತ ಕೊನೆಯದೇ ಹೆಚ್ಚು ಹಿಡಿಸಿತೇ? ಮುಂದಿನ ಸಲ ಬಾಟಲಿಯನ್ನು ಹತ್ತು ನಿಮಿಷ ಮೊದಲೇ ಹೊರಗಿಡಿ.