ಬೇಯಿಸಿದ ಎಲೆಯ ಪಾಠ

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ವರ್ಷಗಟ್ಟಲೆ ಓದಿಸಿದ ಜೀವಕೋಶದ ಅಧ್ಯಾಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಬಂದಿದೆ. ಅದರೊಳಗೆ ಒಂದಕ್ಕೊಂದು ಬೆನ್ನು ಹಾಕಿ ಕೂತ ಎರಡು ಪಾಠಗಳಿವೆ. ಒಂದು, ಮಾಡಿ ನೋಡುವ ಚಟುವಟಿಕೆಗಳದ್ದು. ಇನ್ನೊಂದು, ಪ್ರಾಣಿಕೋಶ ಮತ್ತು ಸಸ್ಯಕೋಶದ ದೊಡ್ಡ ಚಿತ್ರಗಳದ್ದು. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎನ್ನುವ ಪ್ರಶ್ನೆಯ ದೆಸೆಯಿಂದ ಎರಡನೆಯದೇ ಗೆದ್ದಿದೆ.

ಚಟುವಟಿಕೆ ಎಂದರೆ ಶಾಲೆಗಳಲ್ಲಿ ಸಾಮಾನ್ಯವಾಗಿ ಈರುಳ್ಳಿ ಸಿಪ್ಪೆ. ಅಗ್ಗ, ಸುಲಭ, ಒಂದೇ ಪದರ. ಆ ಮಟ್ಟಿಗೆ ಒಳ್ಳೆಯ ಆಯ್ಕೆ. ಆದರೆ ಕೋಶಕೇಂದ್ರ ಎದ್ದು ಕಾಣಲೆಂದು ಬಿಡುವ ಅಯೋಡಿನ್ ಹನಿ ಆ ಕೋಶಗಳನ್ನು ಕೊಲ್ಲುತ್ತದೆ. ಅಲ್ಲಿಗೆ ಮಗು ಮೊದಲ ಬಾರಿಗೆ ನೋಡುವ ಜೀವಕೋಶಕ್ಕೆ ಜೀವವೇ ಇಲ್ಲ! 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್‌ನ ತೆಳು ಹೋಳಿನಲ್ಲಿ ಕಂಡದ್ದೂ ಸತ್ತ ಕೋಶಗಳ ಗೋಡೆಗಳನ್ನೇ. ಆದರೆ 1674ರ ಹೊತ್ತಿಗೆ ಲೇವನ್‌ಹುಕ್ ಕೆರೆ ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡಾಗಿತ್ತು. ನಮ್ಮ ಪ್ರಯೋಗಾಲಯ ಹುಕ್‌ನ ಬಳಿಯೇ ನಿಂತಿದೆ. ಅದೇ ಸಿಪ್ಪೆಯನ್ನು ಬರಿಯ ನೀರಿನಲ್ಲಿಟ್ಟು, ಬೆಳಕು ತಗ್ಗಿಸಿ, ಸ್ವಲ್ಪ ಹೊತ್ತು ಕಾದರೆ ಕೋಶದ್ರವ್ಯದ ಕಣಗಳು ಹರಿಯುವುದು ಕಾಣುತ್ತದೆ. ಹೈಡ್ರಿಲ್ಲಾ ಎಲೆಯಾದರೆ ಹಸಿರು ಕಣಗಳೇ ಗೋಡೆಯ ಗುಂಟ ಸುತ್ತು ಹಾಕುತ್ತವೆ. ಒಂದು ಸೂಕ್ಷ್ಮದರ್ಶಕದ ಮುಂದೆ ಐವತ್ತು ಮಕ್ಕಳು ಸಾಲು ನಿಂತಾಗ ಕಾಯುವ ಮಾತು ಯಾರಿಗೂ ರುಚಿಸುವುದಿಲ್ಲ, ಬಿಡಿ.

ಇನ್ನು ಆ ಚಿತ್ರ. ಸರಳಗೊಳಿಸದೆ ಚಿತ್ರವಿಲ್ಲ ಎಂಬುದನ್ನು ಒಪ್ಪೋಣ. ನನ್ನ ತಕರಾರು ಅಳತೆಯದ್ದು. 20 ಮೈಕ್ರೋಮೀಟರ್ ಅಗಲದ ಕೋಶವನ್ನು ನೋಟ್‌ಬುಕ್ಕಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಬರೆದರೆ 5000 ಪಟ್ಟು ಹಿಗ್ಗಿಸಿದಂತೆ. ಆಗ 1 ಮೈಕ್ರೋಮೀಟರ್ ದಪ್ಪದ ಮೈಟೋಕಾಂಡ್ರಿಯ ಅರ್ಧ ಸೆಂಟಿಮೀಟರ್ ಆಗುತ್ತದೆ. ಸುಮಾರು 25 ನ್ಯಾನೋಮೀಟರಿನ ರೈಬೋಸೋಮ್ ಮಿಲಿಮೀಟರಿನ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಚೂಪು ಪೆನ್ಸಿಲ್ಲಿಗೂ ಸಿಗದಷ್ಟು. ಈ ಲೆಕ್ಕವನ್ನು ಒಂಬತ್ತನೇ ತರಗತಿಯ ಮಗು ತಾನೇ ಮಾಡಬಲ್ಲದು, ಆದರೆ ಮಾಡು ಎನ್ನುವವರಿಲ್ಲ. ಯಕೃತ್ತಿನ ಒಂದು ಕೋಶದಲ್ಲಿ ಮೈಟೋಕಾಂಡ್ರಿಯಗಳು ಸಾವಿರದ ಆಸುಪಾಸು. ನಮ್ಮ ಕೆಂಪು ರಕ್ತಕಣದಲ್ಲಿ ಅವೂ ಇಲ್ಲ, ಕೋಶಕೇಂದ್ರವೂ ಇಲ್ಲ. ಚಿತ್ರದಲ್ಲಿ ಮಾತ್ರ ಯಾವಾಗಲೂ ಮೂರೋ ನಾಲ್ಕೋ. ಅದು ಯಾವ ದೇಹದ ಯಾವ ಅಂಗದ ಕೋಶವೂ ಅಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಮಡಿಕೆಗಳು ಬಿಡಿಬಿಡಿಯಾಗಿ ಕಂಡದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಹಾಗಾಗಿ ಮಗು ಕಾಣಲಾಗದ್ದನ್ನು ಬಾಯಿಪಾಠ ಮಾಡಿ ಬರೆಯುತ್ತದೆ. ಕಂಡದ್ದನ್ನು ರೆಕಾರ್ಡ್ ಪುಸ್ತಕಕ್ಕೆ ಹಿಂದಿನ ವರ್ಷದವರದ್ದು ನೋಡಿ ಇಳಿಸುತ್ತದೆ. ವಸ್ತುಪ್ರದರ್ಶನದ ಥರ್ಮಾಕೋಲ್ ಮಾದರಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಅದೇ ಚಿತ್ರ, ಬಣ್ಣ ಬಳಿದದ್ದು.

ಇಷ್ಟೆಲ್ಲದರ ನಡುವೆ ಆ ಅಧ್ಯಾಯದ ಅತ್ಯುತ್ತಮ ಭಾಗ ಕಳೆದುಹೋಗಿದೆ. ರಿಯೋ ಎಂಬ ಅಲಂಕಾರದ ಗಿಡವಿದೆ; ಎಲೆಯ ಅಡಿಭಾಗ ನೇರಳೆ. ಅದರ ಸಿಪ್ಪೆ ಸುಲಿದು ನೀರಿನಲ್ಲಿಟ್ಟು ನೋಡಿ, ಆಮೇಲೆ ಗಟ್ಟಿ ಸಕ್ಕರೆ ಅಥವಾ ಉಪ್ಪಿನ ದ್ರಾವಣ ಬಿಡಬೇಕು. ನೀರು ಹೊರಹೋಗಿ, ಕೋಶದ ಒಳಗಿನ ನೇರಳೆ ಭಾಗ ಗೋಡೆಯನ್ನು ಬಿಟ್ಟು ನಡುವಿಗೆ ಮುದುಡಿಕೊಳ್ಳುತ್ತದೆ. ಗೋಡೆ ಬೇರೆ, ಪೊರೆ ಬೇರೆ ಎಂಬುದು ಕಣ್ಣೆದುರೇ ಆಗುತ್ತದೆ. ಬಣ್ಣ ಎಲೆಯದ್ದೇ ಆದ್ದರಿಂದ ಅಯೋಡಿನ್ ಬೇಕಿಲ್ಲ. ಪುಸ್ತಕ ಅಲ್ಲಿಗೇ ನಿಲ್ಲದೆ, ಎಲೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಮತ್ತೆ ಇದನ್ನೇ ಮಾಡಿ ಎನ್ನುತ್ತದೆ. ಈ ಸಲ ಏನೂ ಮುದುಡುವುದಿಲ್ಲ. ಶಾಖಕ್ಕೆ ಪೊರೆ ಕೆಟ್ಟು, ಬಣ್ಣ ಆಗಲೇ ಸೋರಿರುತ್ತದೆ. ಬದುಕಿರುವುದಕ್ಕೂ ಸತ್ತದ್ದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಶಾಲೆಯ ಮೇಜಿನ ಮೇಲೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಆಗುವುದನ್ನೂ ಆಗದೆ ಉಳಿಯುವುದನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವ ಅಭ್ಯಾಸವೂ ಇಲ್ಲೇ ಶುರುವಾಗುತ್ತದೆ.

ಸೂಕ್ಷ್ಮದರ್ಶಕ ಸಾಲದು ಎಂಬ ಮಾತು ಸುಳ್ಳಲ್ಲ. ಆದರೆ ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ 2014ರಲ್ಲಿ ಮುಂದಿಟ್ಟ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಭಾರತದ ಶಾಲೆಗಳಿಗೂ ಬಂದಿದೆ. ಲೇವನ್‌ಹುಕ್‌ನ ಉಪಕರಣದಂತೆ ಅದಕ್ಕೂ ಒಂದೇ ಪುಟ್ಟ ಮಸೂರ. ಅದನ್ನು ಹೆಚ್ಚು ತರಿಸಿದ ಮಾತ್ರಕ್ಕೆ ಪ್ರಶ್ನೆಪತ್ರಿಕೆ ಬದಲಾಗದು. ಬೇಯಿಸಿದ ಎಲೆಯ ಕೋಶ ಉಪ್ಪುನೀರಿಗೂ ಏಕೆ ಮುದುಡಲಿಲ್ಲ ಎಂದು ಎರಡು ಅಂಕಕ್ಕೆ ಕೇಳಬಹುದು. ಉತ್ತರ ಮೂರು ಸಾಲು. ತಿದ್ದುವವರಿಗೆ ಚಿತ್ರಕ್ಕಿಂತ ಕಡಿಮೆ ಕೆಲಸ.