ಗೋಪುರ ನೋಡಿ ಹೊರಟವರು

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಗ್ಗೆ ಬರೆದವರೆಲ್ಲ ಕತ್ತೆತ್ತಿಕೊಂಡೇ ಬರೆದಿದ್ದಾರೆ. ಪ್ರವಾಸಿ ಕೈಪಿಡಿಗಳಿಗೆ 175 ಅಡಿಯ ಜೋಡಿ ಗೋಪುರ ಕಂಡರೆ ಸಾಕು, ಬಾಯಿ ತುಂಬ ಹೊಗಳಿಕೆ. ಕಲೆ ಬಲ್ಲವರಿಗೆ ಅದೇ ಗೋಪುರ ಜರ್ಮನಿಯ ಕಲೋನ್ ಚರ್ಚಿನ ನಕಲು. ಮೂಗು ಮುರಿದು ಮುಂದೆ ನಡೆಯುತ್ತಾರೆ. ಹೊಗಳಿದವರೂ ತೆಗಳಿದವರೂ ನೋಡಿದ್ದು ಒಂದನ್ನೇ. ಈ ಕಟ್ಟಡಕ್ಕೆ ನಂಬಿಕೆಯ ಬಗ್ಗೆ ಹೇಳುವುದೇನಾದರೂ ಇದ್ದರೆ ಅದು ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿದೆ. ಅಲ್ಲಿಗೆ ಇಳಿಯದೆ ಬರೆದ ವಿಮರ್ಶೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಕಲಿನ ಮಾತನ್ನು ಮೊದಲು ಮುಗಿಸಿಬಿಡೋಣ. ಲಲಿತಮಹಲಿನ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ. 1912ರ ಅಂಬಾವಿಲಾಸ ಅರಮನೆಯಲ್ಲಿ ಹೆನ್ರಿ ಇರ್ವಿನ್ ನಾಲ್ಕಾರು ಕಡೆಯ ಕಮಾನು, ಗುಮ್ಮಟಗಳನ್ನು ತಂದು ಕೂಡಿಸಿದ. ಅವುಗಳಿಗೆ ‘ಪರಂಪರೆ’ ಎಂಬ ಮರ್ಯಾದೆ, ಅಶೋಕ ರಸ್ತೆಯ ಚರ್ಚಿಗೆ ಮಾತ್ರ ‘ನಕಲು’ ಎಂಬ ಹಣೆಪಟ್ಟಿ. ಇದು ಯಾವ ನ್ಯಾಯ? ಎರವಲು ಶೈಲಿಗಳಲ್ಲೇ ಬೆಳೆದ ಊರಿನಲ್ಲಿ ಕೂತು ಎರವಲನ್ನು ಹಳಿಯುವವರು ಅರಮನೆಯ ಮುಂದೆ ಯಾಕೆ ಬಾಯಿ ಬಿಡುವುದಿಲ್ಲ ಎಂದು ಕೇಳಬೇಕಾಗುತ್ತದೆ. ಗೋಪುರದ ತಕರಾರು ಬೇರೆಯೇ ಇದೆ. ಅದು ಅರಮನೆಯ ಭಾಷೆಯಲ್ಲೇ ಮಾತಾಡುತ್ತದೆ: ಎತ್ತರ, ವೈಭವ, ದೂರದಿಂದಲೇ ಕಣ್ಣಿಗೆ ಬೀಳುವ ಹಟ. ಲೋಕದ ಸಿರಿ ಉಳಿಯುವಂಥದ್ದಲ್ಲ ಎಂದು ಭಾನುವಾರಕ್ಕೊಮ್ಮೆ ಕೇಳುವ ಜನ ಆ ಮಾತನ್ನು ಕೇಳುವುದು ಇಷ್ಟು ಸಿರಿಯ ಕೆಳಗೆ ಕೂತು.

ಕಟ್ಟಿದ ಕಥೆ ಮೈಸೂರಿನವರಿಗೆ ಹೊಸದಲ್ಲ. ಮುಮ್ಮಡಿಯವರ ಕಾಲದ 1843ರ ಚರ್ಚು, 1926ರಲ್ಲಿ ಹುಜೂರ್ ಕಾರ್ಯದರ್ಶಿ ತಂಬೂಚೆಟ್ಟಿಯವರಿಗೆ ದೊರೆತ ಫಿಲೋಮಿನಾಳ ಪವಿತ್ರಾವಶೇಷ, 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಇಟ್ಟ ಅಡಿಗಲ್ಲು. ನಕ್ಷೆ ಬರೆದವನು ಡಾಲಿ ಎಂಬ ಫ್ರೆಂಚಿನವನು. ಅವನ ಬಗ್ಗೆ ಊರಿನ ನೆನಪಿನಲ್ಲಿ ಉಳಿದದ್ದು ಹೆಚ್ಚುಕಡಿಮೆ ಇಷ್ಟೇ.

ಮೆಟ್ಟಿಲಿಳಿದರೆ ಮೇಲಿನ ವೈಭವವೆಲ್ಲ ಒಮ್ಮೆಗೇ ಮುಗಿದುಹೋಗುತ್ತದೆ. ತಲೆಯ ಮೇಲೆ ತಗ್ಗಾದ ಸೂರು, ಒಬ್ಬರ ಹಿಂದೊಬ್ಬರು ಸಾಗುವಷ್ಟು ಜಾಗ, ಮಲಗಿದ ಹುಡುಗಿಯ ಒಂದು ಪ್ರತಿಮೆ. ಈ ಹುಡುಗಿ ಯಾರು? 1802ರಲ್ಲಿ ರೋಮಿನ ಪ್ರಿಸ್ಸಿಲ್ಲಾ ಭೂಗತ ಸಮಾಧಿಯಲ್ಲಿ ಎಳೆಹರೆಯದ ಹುಡುಗಿಯದೆಂದು ಹೇಳಲಾದ ಮೂಳೆಗಳು ಸಿಕ್ಕವು. ಗೂಡಿನ ಬಾಯಿ ಮುಚ್ಚಿದ್ದ ಮೂರು ಹೆಂಚುಗಳನ್ನು ಕಂಡ ಕ್ರಮದಲ್ಲಿ ಓದಿದರೆ ಅರ್ಥವಾಗುತ್ತಿರಲಿಲ್ಲ. ಹಿಂದುಮುಂದು ಮಾಡಿ ಜೋಡಿಸಿದಾಗ ಫಿಲೋಮಿನಾ ಎಂಬ ಹೆಸರು ಹೊರಟಿತು. ಬೇರೆ ಸಮಾಧಿಯ ಹೆಂಚನ್ನೇ ಮರುಬಳಸಿದ್ದು, ಹೆಸರು ಈ ಮೂಳೆಗಳದ್ದಲ್ಲ ಎಂದು ಪುರಾತತ್ವಜ್ಞ ಮರುಕ್ಕಿ ಆಮೇಲೆ ವಾದಿಸಿದ. ಅವಳ ಜೀವನಕಥೆಯೋ, 1833ರಲ್ಲಿ ನೇಪಲ್ಸಿನ ಸನ್ಯಾಸಿನಿಯೊಬ್ಬಳಿಗೆ ದರ್ಶನದಲ್ಲಿ ತಿಳಿದದ್ದು: ಗ್ರೀಕ್ ಅರಸುಮಗಳು, ಚಕ್ರವರ್ತಿ ಡಯೊಕ್ಲೀಷಿಯನ್ ಮದುವೆಯಾಗೆಂದು ಕೇಳಿದ, ಯೇಸುವಿಗೆ ಮುಡಿಪಾದವಳು ಒಲ್ಲೆ ಎಂದಳು, ಕೊಲ್ಲಿಸಿದ. 1961ರಲ್ಲಿ ವ್ಯಾಟಿಕನ್ ಅವಳ ಹೆಸರನ್ನು ಹಬ್ಬಗಳ ಪಂಚಾಂಗದಿಂದಲೇ ತೆಗೆಯಿತು. ಭಕ್ತಿಗೆ ಅಡ್ಡಿ ಮಾಡಲಿಲ್ಲ, ಅಷ್ಟೆ.

ಚಕ್ರವರ್ತಿನಿಯ ಪಟ್ಟವನ್ನು ಒಲ್ಲೆ ಎಂದವಳೆಂಬ ಕಥೆ. ಆ ಕಥೆಗೂ ಆಧಾರವಿಲ್ಲ, ಹೆಸರಿಗೂ ಖಾತ್ರಿಯಿಲ್ಲ. ಲೋಕದ್ದೆನ್ನುವುದು ಯಾವುದೂ ಅವಳಲ್ಲಿ ಉಳಿದಿಲ್ಲ. ದೇವರಲ್ಲಿ ಮಾತ್ರ ತೃಪ್ತಿ ಎಂಬ ಮಾತಿಗೆ ಇದಕ್ಕಿಂತ ಕಠಿಣವಾದ ಉದಾಹರಣೆ ಕರ್ನಾಟಕದ ಬೇರಾವ ಚರ್ಚಿನಲ್ಲೂ ನನಗೆ ಕಂಡಿಲ್ಲ. ಇತಿಹಾಸಕಾರರು ಇದನ್ನು ಚರ್ಚಿನ ಮುಜುಗರವೆಂದು ನೋಡುತ್ತಾರೆ. ನನಗೆ ಇದೇ ಅದರ ಬಲ.

ಆದರೆ ಅದೇ ನೆಲಮಾಳಿಗೆಯಿಂದ ಹೊರಬರುವ ಓಣಿಯ ಗೋಡೆಗಳನ್ನು ನೋಡಿ. ಉದ್ದಕ್ಕೂ ಫಲಕಗಳು. ದಾನ ಕೊಟ್ಟವರ ಹೆಸರು, ಯಾರ ನೆನಪಿಗೆ ಕೊಟ್ಟರೋ ಅವರ ಹೆಸರು. ಹೆಸರೇ ಅನುಮಾನವಾದವಳ ಮಗ್ಗುಲಲ್ಲಿ ಇಷ್ಟೊಂದು ಹೆಸರು! ದಾನ ಗುಟ್ಟಾಗಿರಲಿ ಎಂದು ಪರ್ವತ ಪ್ರಸಂಗದಲ್ಲಿ ಯೇಸು ಹೇಳಿದ್ದನ್ನು ಮೇಲೆ ಓದಿ, ಕೆಳಗೆ ಕಲ್ಲಿನಲ್ಲಿ ಕೆತ್ತಿಸಿದರೆ ಹೇಗೆ? ಹಣ ಬಿಡಬಹುದು, ಮನೆ ಬಿಡಬಹುದು. ಹೆಸರು ಬಿಡುವುದು ಕಷ್ಟ. ಬೈಬಲ್ಲಿನ ಪ್ರಸಂಗಿಯೂ ಮನೆ, ತೋಟ, ಬೆಳ್ಳಿಬಂಗಾರವನ್ನೆಲ್ಲ ಕೂಡಿಸಿ ವ್ಯರ್ಥವೆಂದವನು, ಸತ್ತವರ ನೆನಪೂ ಉಳಿಯದೆಂದು ಹೇಳಿಯೇ ಮುಂದೆ ಹೋಗುತ್ತಾನೆ. ಸತ್ತವರಿಗಾಗಿ ಪ್ರಾರ್ಥಿಸಲು ಹೆಸರು ಬೇಕಲ್ಲ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಒಪ್ಪೋಣ. ಆದರೆ ಆ ಓಣಿಯಲ್ಲಿ ನಿಂತು ಹೆಸರು ಓದಿ ಪ್ರಾರ್ಥಿಸಿದವರನ್ನು ನಾನು ಕಂಡಿಲ್ಲ. ಮೊಬೈಲ್ ಎತ್ತಿ ಹಿಡಿದವರನ್ನು ಕಂಡಿದ್ದೇನೆ.

ಹರಕೆ ಹೊರುವವರ ಮೇಲೆ ಹರಿಹಾಯುವ ದೇವಶಾಸ್ತ್ರ ಪಂಡಿತರ ಮಾತನ್ನೂ ಇಲ್ಲೇ ತಳ್ಳಿಹಾಕಬೇಕು. ಕೆಲಸ ಸಿಗಲಿ, ಮದುವೆಯಾಗಲಿ, ಮಗು ಹುಟ್ಟಲಿ ಎಂದು ಮೇಣದಬತ್ತಿ ಹಚ್ಚುವವರಲ್ಲಿ ಕ್ರೈಸ್ತರಷ್ಟೇ ಇಲ್ಲ, ಎಲ್ಲ ಜಾತಿಯವರೂ ಇದ್ದಾರೆ. ಇವರದು ಲೌಕಿಕದ ಆಸೆ, ನಿಜವಾದ ಭಕ್ತಿಯಲ್ಲ ಎಂಬುದು ಪಂಡಿತರ ದೂರು. ಇತ್ತ, ನಂಬಿದರೆ ಮನೆ, ಕಾರು ತಾನೇ ಬರುತ್ತದೆಂದು ಮೈಕಿನಲ್ಲಿ ಸಾರುವ ಬೋಧಕರ ಸಭೆಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ. ಅದರ ಬಗ್ಗೆ ಪಂಡಿತರದು ಬರೀ ಗೊಣಗಾಟ. ಬತ್ತಿ ಹಚ್ಚುವ ಹೆಂಗಸು ತನಗೆ ಇಲ್ಲದ್ದನ್ನು ಇಲ್ಲ ಎಂದು ಒಪ್ಪಿಕೊಂಡು ಕೇಳುತ್ತಾಳೆ. ಕೇಳಿ ಎದ್ದು ಹೋಗುತ್ತಾಳೆ. ಬತ್ತಿ ಕರಗುತ್ತದೆ, ಅವಳ ಹೆಸರು ಯಾವ ಗೋಡೆಯ ಮೇಲೂ ಇರುವುದಿಲ್ಲ. ಫಲಕ ಹಾಕಿಸಿದವರಿಗಿಂತ ಅವಳೇ ಆ ಪ್ರತಿಮೆಗೆ ಹತ್ತಿರದವಳು.

ಗೋಪುರ ಪ್ರವಾಸಿಗಳಿಗೆ ಇರಲಿ. ಅದರಿಂದ ಯಾರಿಗೂ ನಷ್ಟವಿಲ್ಲ. ನೆಲಮಾಳಿಗೆ ಮಾತ್ರ ಈ ಊರು ಕ್ರೈಸ್ತ ನಂಬಿಕೆಗೆ ಕೊಟ್ಟ ದೊಡ್ಡ ಕೃತಿ, ಅರ್ಧ ಕೆಡಿಸಿಟ್ಟ ಕೃತಿ. ಮುಂದಿನ ಸಲ ದುರಸ್ತಿಗೆ ಕೈಹಾಕಿದಾಗ ಆ ಫಲಕಗಳನ್ನೆಲ್ಲ ಬಿಚ್ಚಿ, ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಓಣಿಯ ಗೋಡೆಗೆ ಬರಿಯ ಸುಣ್ಣ ಬಳಿಯಬೇಕೆಂದು ಮೈಸೂರು ಧರ್ಮಪ್ರಾಂತ್ಯದವರನ್ನು ಕೇಳಿಕೊಳ್ಳುತ್ತೇನೆ.