ಗೌರಮ್ಮ ಯಾವ ಮನೆಯವಳು?

ನನ್ನ ತವರು ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಹೆಳವ ಬರುತ್ತಿದ್ದ. ನಮ್ಮ ಜಗುಲಿಯಲ್ಲಿ ಅಜ್ಜನ ಅಜ್ಜನಿಂದ ಹಿಡಿದು ಅಪ್ಪನವರೆಗೆ ವಂಶದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಮೊರದ ತುಂಬ ರಾಗಿ ಪಡೆದು ಹೋಗುತ್ತಿದ್ದ. ಒಮ್ಮೆ ನಾನು, "ನನ್ನ ಹೆಸರೆಲ್ಲಿ?" ಎಂದು ಕೇಳಿದೆ. "ನಿಂದು ನೀನು ಹೋದ ಮನೇಲಿ ಬತ್ತದೆ ಕಣವ್ವ" ಎಂದು ನಕ್ಕ. ಹೋದ ಮನೆಗೂ ಹೆಳವ ಬಂದ. ಅಲ್ಲೂ ನನ್ನ ಹೆಸರು ಬರಲಿಲ್ಲ.

ಸಿ.ಪಿ. ಬೆಳ್ಳಿಯಪ್ಪನವರು ಇಂಗ್ಲಿಷಿನಲ್ಲಿ ಬರೆದ 'ವಿಕ್ಟೋರಿಯಾ ಗೌರಮ್ಮ: ದಿ ಲಾಸ್ಟ್ ಪ್ರಿನ್ಸೆಸ್ ಆಫ್ ಕೂರ್ಗ್' (2010) ಓದುವಾಗ ಆ ಹೆಳವನ ಮಾತು ನೆನಪಾಯಿತು.

ನಾನು ಪಾಠ ಹೇಳುವ ಪಿರಿಯಾಪಟ್ಟಣಕ್ಕೂ ಗೌರಮ್ಮನ ಮನೆತನಕ್ಕೂ ಹಳೆಯ ನಂಟು. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಾಳಾಗಿ ಇಲ್ಲಿದ್ದು, 1788ರಲ್ಲಿ ತಪ್ಪಿಸಿಕೊಂಡು ಕೊಡಗು ಸೇರಿದ. ಅವನ ತಮ್ಮನ ಮಗನೇ ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ ಚಿಕ್ಕವೀರರಾಜೇಂದ್ರ. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕಿತ್ತುಕೊಂಡು ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿ 1841ರಲ್ಲಿ ಹುಟ್ಟಿದವಳು ಗೌರಮ್ಮ. ತಂದೆಯ ಕಥೆ ಓದಿ ಮುಗಿಸಿದ ನಾವು ಮಗಳು ಏನಾದಳೆಂದು ಕೇಳಲಿಲ್ಲ. ಬೆಳ್ಳಿಯಪ್ಪನವರು ಕೇಳಿದರು. ಅದೇ ಈ ಪುಸ್ತಕದ ದೊಡ್ಡ ಗುಣ.

1852ರಲ್ಲಿ ತಂದೆ ಅವಳನ್ನು ಇಂಗ್ಲೆಂಡಿಗೆ ಕರೆದೊಯ್ದ. ಅರಮನೆಯಲ್ಲಿ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ತನ್ನ ಹೆಸರನ್ನು ಕೊಟ್ಟಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬುದು ರಾಣಿಯ ಆಸೆ. ಅವನು ಒಪ್ಪಲಿಲ್ಲ. 1860ರಲ್ಲಿ ಅವಳಿಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್‌ನೊಡನೆ ಮದುವೆಯಾಯಿತು. 1861ರಲ್ಲಿ ಒಂದು ಹೆಣ್ಣು ಮಗು. 1864ರಲ್ಲಿ, ಇಪ್ಪತ್ಮೂರು ತುಂಬುವ ಮೊದಲೇ, ಗೌರಮ್ಮ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಇಂಥವಳ ಸಂತತಿಯನ್ನು ಹುಡುಕುವುದು ಸುಲಭವಲ್ಲ. ಇಂಗ್ಲೆಂಡಿನಲ್ಲಿ ದಾಖಲೆಗಳಿಗೆ ಬರವಿಲ್ಲ, ನಿಜ. ಆದರೆ ಆ ದಾಖಲೆಗಳೂ ನಮ್ಮ ಹೆಳವನಂತೆಯೇ. 1837ರಿಂದ ಅಲ್ಲಿ ಸರ್ಕಾರವೇ ಮದುವೆಗಳನ್ನು ದಾಖಲಿಸುತ್ತಿದೆ. ಅದರಲ್ಲಿ ವಧೂವರರ ತಂದೆಯ ಹೆಸರಿಗೆ, ಕಸುಬಿಗೆ ಅಂಕಣಗಳಿದ್ದವು. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರಲ್ಲಿ! ದೊಡ್ಡ ಮನೆತನಗಳ ಗುರಾಣಿಯ ಲಾಂಛನವೂ ಅಷ್ಟೇ. ಅದು ತಂದೆಯಿಂದ ಮಗನಿಗೆ ಹೋಗುತ್ತದೆ. ಅಣ್ಣತಮ್ಮಂದಿರಿಲ್ಲದ ಹೆಣ್ಣು ಮಾತ್ರ ತವರಿನ ಲಾಂಛನವನ್ನು ಮಕ್ಕಳಿಗೆ ದಾಟಿಸಬಹುದು. ನಮಗೆ ಗಂಡಭೇರುಂಡ, ಅವರಿಗೆ ಸಿಂಹ. ಎರಡರ ನೆರಳಿನಲ್ಲೂ ಹೆಣ್ಣಿಗೆ ಜಾಗ ಕಡಿಮೆ.

ಹಾಗಾದರೆ ಗೌರಮ್ಮ ಉಳಿದದ್ದು ಎಲ್ಲಿ? ಮಗಳ ಹೆಸರಿನಲ್ಲಿ. ಆ ಮಗುವಿಗೆ ಇಟ್ಟ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ಹೊಸ ಧರ್ಮ, ಹೊಸ ಉಡುಪು, ಹೊಸ ಭಾಷೆಗಳ ನಡುವೆ ಕಾಶಿಯಿಂದ ಬಂದ ಆ ಒಂದು ಹೆಸರು ಹೇಗೋ ದಾಟಿಕೊಂಡಿತು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು.

ನನ್ನ ತಕರಾರು ಒಂದಿದೆ. 'ಕಳೆದುಹೋದ ರಾಜಕುಮಾರಿ' ಎಂದರೆ ತಾನಾಗಿ ದಾರಿ ತಪ್ಪಿದಳೆಂಬ ಅರ್ಥ ಬರುತ್ತದೆ. ಹನ್ನೊಂದು ವರ್ಷದ ಹುಡುಗಿ ಕಳೆದುಹೋಗಲಿಲ್ಲ, ಕೈಯಿಂದ ಕೈಗೆ ದಾಟಿಸಲ್ಪಟ್ಟಳು. ಅವಳನ್ನು ನಾವು ಕಾಣುವುದೂ ರಾಣಿಯ, ಆಸ್ಥಾನದವರ ಕಣ್ಣಿನಿಂದಲೇ. ಧರ್ಮತಾಯಿಯ ಹೆಸರು ಲೋಕಕ್ಕೆಲ್ಲ ಗೊತ್ತು. ಹೆತ್ತ ತಾಯಿಯ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಪುಸ್ತಕ ಮುಗಿಸಿದ ಮರುದಿನ ಒಂಬತ್ತನೇ ತರಗತಿಯ ಹುಡುಗಿಯರಿಗೆ, ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಬರೆದುಕೊಂಡು ಬರಲು ಹೇಳಿದೆ. ಹೆಚ್ಚಿನವರು ಮೂರನೇ ಹೆಸರಿಗೆ ನಿಂತರು. ನಗುವ ಹಾಗಿರಲಿಲ್ಲ, ನಾನೂ ಅಲ್ಲಿಗೇ ನಿಂತಿದ್ದೆ. ಆ ಭಾನುವಾರ ಬಸ್ಸು ಹತ್ತಿ ತವರಿಗೆ ಹೋಗಿ, ಎಂಬತ್ತು ದಾಟಿದ ನಮ್ಮ ದೊಡ್ಡವ್ವನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಇನ್ನೆರಡು ಹೆಸರು ಹೇಳಿದಳು. ಆಮೇಲೆ, "ಇದನ್ನೆಲ್ಲ ಯಾರೂ ಕೇಳ್ತಿರಲಿಲ್ಲವಲ್ಲೇ" ಎಂದಳು.